ಸೀಳು ತುಟಿ ಆಪರೇಷನ್: ‘ಚೆನ್ನಾಗಿ ಬಂದಿದೆ’ ಅಂತ ಯಾರು ಹೇಳಬೇಕು, ಯಾವಾಗ ಹೇಳಬೇಕು?

ಹಾವೇರಿ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಹುಟ್ಟುವಾಗಲೇ ಎಡಗಡೆ ಸೀಳು ತುಟಿ ಇತ್ತು. ಸೀಳು ಮೂಗಿನ ಹೊಳ್ಳೆಯವರೆಗೂ ಹೋಗಿತ್ತು, ಅಂಗುಳ ಸರಿ ಇದೆ. ಐದನೇ ತಿಂಗಳಲ್ಲಿ ಆಪರೇಷನ್ ಆಯಿತು, ಈಗ ಮಗುವಿಗೆ ಒಂದು ವರ್ಷ ದಾಟಿದೆ. ಡಾಕ್ಟರ್ ನೋಡಿ ‘ತುಂಬಾ ಚೆನ್ನಾಗಿ ಬಂದಿದೆ’ ಅಂದರು. ಮನೆಗೆ ಬಂದವರು ಬೇರೆ ಹೇಳುತ್ತಾರೆ. ‘ಹೊಳ್ಳೆ ಒಂದು ಕಡೆ ಚಪ್ಪಟೆ ಅಲ್ವಾ, ಇನ್ನೊಂದು ಸಲ ಮಾಡಿಸಿಬಿಡಿ’ ಅಂತ ಅತ್ತೆಯವರ ತಂಗಿ. ‘ಬೆಂಗಳೂರಲ್ಲಿ ಮಾಡಿಸಿದ್ದರೆ ಕಲೆಯೇ ಇರ್ತಿರಲಿಲ್ಲ’ ಅಂತ ಇನ್ನೊಬ್ಬರು. ನಾನು ಫೋನಲ್ಲಿ ಫೋಟೋ ದೊಡ್ಡದು ಮಾಡಿ ಮಾಡಿ ನೋಡುತ್ತೇನೆ. ಸುಮ್ಮನಿದ್ದಾಗ ಏನೂ ಗೊತ್ತಾಗುವುದಿಲ್ಲ. ನಕ್ಕಾಗ ಮಾತ್ರ ಹೊಲಿಗೆ ಬಿದ್ದ ಜಾಗದಲ್ಲಿ ತುಟಿಯ ಕೆಂಪು ಅಂಚು ಒಂದು ಕೂದಲೆಳೆಯಷ್ಟು ಮೇಲೆ ನಿಂತ ಹಾಗೆ ಕಾಣುತ್ತದೆ.

ನನ್ನ ಪ್ರಶ್ನೆ ಇಷ್ಟೇ. ಇದನ್ನು ಬಲ್ಲವರು ಹೇಗೆ ನೋಡುತ್ತಾರೆ? ಅದಕ್ಕೆ ಅಳತೆ ಅಂತ ಏನಾದರೂ ಇದೆಯಾ, ಅಥವಾ ಬರೀ ಕಣ್ಣಂದಾಜಾ?

ಶಿಗ್ಗಾಂವಿ ಶಿವು

ಅಕ್ಕ, ಮಗು ಹಾಲು ಕುಡಿಯುತ್ತಾನೆ, ಉಣ್ಣುತ್ತಾನೆ, ಆರೋಗ್ಯವಾಗಿದ್ದಾನೆ. ಇಷ್ಟಾದರೆ ಸಾಕಲ್ವಾ? ಅಂದಚಂದ ಎಲ್ಲಾ ಆಮೇಲೆ.

ಧಾರವಾಡ ಸರ್ಜನ್

ಶಿವು ಅವರೇ, ಊಟ ಮುಖ್ಯ, ಒಪ್ಪಿದೆ. ಆದರೆ ಈ ಆಪರೇಷನ್ ಮಾಡುವುದೇ ಮುಖದ ಮೇಲೆ. ಬರೀ ತುಟಿ ಸೀಳಿರುವ ಮಕ್ಕಳಲ್ಲಿ ಎಷ್ಟೋ ಜನ ಆಪರೇಷನ್‌ಗೆ ಮೊದಲೂ ಹಾಲು ಕುಡಿಯುತ್ತಾರೆ. ಹಾಗಾಗಿ ಅಂದ ಅನ್ನುವುದು ಇಲ್ಲಿ ಹೆಚ್ಚುವರಿ ವಿಷಯ ಅಲ್ಲ.

ಹಾವೇರಿ ಮೇಡಂ, ಅಳತೆ ಇದೆ. ಮೊದಲು ನಾವು ಏನು ನೋಡುತ್ತೇವೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೇಲ್ದುಟಿಯ ಕೆಂಪು ಭಾಗಕ್ಕೂ ಚರ್ಮಕ್ಕೂ ನಡುವೆ ಒಂದು ಸಣ್ಣ, ಉಬ್ಬಿದ ಬಿಳಿ ಗೆರೆ ಇರುತ್ತದೆ. ಕನ್ನಡಿ ಮುಂದೆ ನಿಂತು ಬೆಳಕು ಪಕ್ಕದಿಂದ ಬೀಳುವ ಹಾಗೆ ಮಾಡಿದರೆ ನಿಮ್ಮ ತುಟಿಯಲ್ಲೇ ಕಾಣುತ್ತದೆ. ಹೊಲಿಯುವಾಗ ಆ ಗೆರೆ ಎರಡೂ ಕಡೆಯಿಂದ ಸರಿಯಾಗಿ ಕೂಡಬೇಕು. ಒಂದು ಮಿಲಿಮೀಟರ್ ಹೆಚ್ಚುಕಮ್ಮಿ ಆದರೂ ಎದುರು ಕೂತು ಮಾತಾಡುವವರ ಕಣ್ಣಿಗೆ ಬೀಳುತ್ತದೆ. ಎರಡು ಸೀರೆ ತುಂಡು ಜೋಡಿಸುವಾಗ ಅಂಚಿಗೆ ಅಂಚು ಕೂಡದಿದ್ದರೆ ಮೊದಲು ಅದೇ ಕಾಣುತ್ತದಲ್ವಾ, ಹಾಗೆ. ಆಮೇಲೆ ಮೇಲ್ದುಟಿಯ ನಡುವೆ ಅಂಚು ಬಿಲ್ಲಿನ ಹಾಗೆ ಬಾಗಿರುತ್ತದಲ್ಲ, ಅದರ ಎರಡು ಏರುಗಳು ಒಂದೇ ಎತ್ತರದಲ್ಲಿವೆಯಾ, ಕೆಂಪು ಭಾಗ ಎರಡೂ ಕಡೆ ಒಂದೇ ದಪ್ಪ ಇದೆಯಾ, ನಡುವೆ ಕಚ್ಚು ಬಿದ್ದಿದೆಯಾ. ಕಲೆ ಎಲ್ಲಿ ಬಂದಿದೆ ಅನ್ನುವುದು ಕಲೆ ಎಷ್ಟು ಉದ್ದ ಅನ್ನುವುದಕ್ಕಿಂತ ಮುಖ್ಯ. ಮೂಗಿನ ಕೆಳಗಿನ ಸಣ್ಣ ಕಾಲುವೆಯ ದಂಡೆಯ ಮೇಲೆ ಬಂದರೆ ಅದು ಸಹಜ ನೆರಳಿನ ಹಾಗೆ ಕಾಣುತ್ತದೆ. 1950ರ ದಶಕದಲ್ಲಿ ಅಮೆರಿಕದ ಮಿಲಾರ್ಡ್ ತಂದ ವಿಧಾನ ಇವತ್ತಿಗೂ ಜಗತ್ತಿನಾದ್ಯಂತ ನಡೆಯುತ್ತಿದೆ. 2005ರಲ್ಲಿ ಟೊರೊಂಟೊದ ಫಿಶರ್ ಇನ್ನೊಂದು ವಿನ್ಯಾಸ ಪ್ರಕಟಿಸಿದರು. ಕತ್ತರಿಸುವ ಗೆರೆ ಆ ಸಹಜ ದಂಡೆಯ ಜಾಗದಲ್ಲೇ ಬರಬೇಕು ಅನ್ನುವುದು ಅದರ ಮುಖ್ಯ ಉದ್ದೇಶ.

ಕೊನೆಗೆ ಮೂಗು. ನಿಜ ಹೇಳಬೇಕೆಂದರೆ ತುಟಿಗಿಂತ ಮೂಗೇ ಕಷ್ಟ. ಸೀಳಿನ ಕಡೆಯ ಹೊಳ್ಳೆಯೊಳಗಿನ ಮೆದು ಮೂಳೆ ಹುಟ್ಟುವಾಗಲೇ ಜಾರಿ, ಚಪ್ಪಟೆಯಾಗಿರುತ್ತದೆ. ಅದರ ಕೆಳಗೆ ದವಡೆಯ ಮೂಳೆಯಲ್ಲೂ ಸೀಳು ಇದ್ದರೆ ಹೊಳ್ಳೆಗೆ ಆಸರೆಯೇ ಕಮ್ಮಿ. ಮೊದಲ ಆಪರೇಷನ್‌ನಲ್ಲಿ ಎತ್ತಿ ಹೊಲಿದರೂ ಬೆಳೆಯುತ್ತಾ ಸ್ವಲ್ಪ ಕೆಳಗೆ ಇಳಿಯುವುದುಂಟು. ನಿಮ್ಮ ಅತ್ತೆಯವರ ತಂಗಿ ನೋಡಿದ್ದು ಸುಳ್ಳಲ್ಲ. ಆದರೆ ಈಗಲೇ ಇನ್ನೊಂದು ಆಪರೇಷನ್ ಅನ್ನುವುದು ಅದರಿಂದ ಬರುವ ತೀರ್ಮಾನ ಅಲ್ಲ.

ಹಾವೇರಿ ಅಮ್ಮ

ತುಂಬಾ ಧನ್ಯವಾದ ಡಾಕ್ಟ್ರೇ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಅಂಕ ಕೊಡುವ ಪದ್ಧತಿ ಇದೆ ಅಂತ ಎಲ್ಲೋ ಕೇಳಿದ್ದೆ, ಅದು ಏನು?

ಧಾರವಾಡ ಸರ್ಜನ್

ಹೌದು. ಹೆಚ್ಚು ಬಳಕೆಯಲ್ಲಿರುವುದು 1991ರಲ್ಲಿ ಬಂದ ಆಶರ್-ಮ್ಯಾಕ್‌ಡೇಡ್ ಪದ್ಧತಿ. ನಾಲ್ಕು ವಿಷಯ ನೋಡುತ್ತಾರೆ: ಮೂಗಿನ ಆಕಾರ, ಮೂಗು ಎಷ್ಟು ವಾಲಿದೆ, ತುಟಿಯ ಕೆಂಪು ಅಂಚಿನ ಆಕಾರ, ಪಕ್ಕದಿಂದ ನೋಡಿದಾಗ ಮೂಗು ಮತ್ತು ಮೇಲ್ದುಟಿಯ ನೋಟ. ಒಂದೊಂದಕ್ಕೂ 1ರಿಂದ 5. 1 ಅಂದರೆ ತುಂಬಾ ಚೆನ್ನ, 5 ಅಂದರೆ ತುಂಬಾ ಕಳಪೆ.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು. ಫೋಟೋವನ್ನು ಕತ್ತರಿಸಿ ಬರೀ ಮೂಗು ಮತ್ತು ಮೇಲ್ದುಟಿ ಇರುವ ಭಾಗ ಮಾತ್ರ ತೋರಿಸುತ್ತಾರೆ. ಕಣ್ಣು, ಕೂದಲು, ಕೆನ್ನೆ ಯಾವುದೂ ಕಾಣುವುದಿಲ್ಲ. ಯಾಕೆಂದರೆ ಮಗು ಮುದ್ದಾಗಿದ್ದರೆ ನಾವು ಗೊತ್ತಿಲ್ಲದೇ ತುಟಿಗೂ ಒಳ್ಳೆ ಅಂಕ ಹಾಕಿಬಿಡುತ್ತೇವೆ. ಅಂಕ ಹಾಕುವವರು ಒಬ್ಬರೇ ಇರಬಾರದು. ಆಪರೇಷನ್ ಯಾರು ಮಾಡಿದರು ಅಂತಲೂ ಅವರಿಗೆ ಗೊತ್ತಿರಬಾರದು. ಅದೇ ಫೋಟೋಗಳನ್ನು ಸ್ವಲ್ಪ ದಿನ ಬಿಟ್ಟು ಮತ್ತೆ ತೋರಿಸಿ, ಅದೇ ಅಂಕ ಬರುತ್ತದಾ ಅಂತ ನೋಡುತ್ತಾರೆ. ಒಂದೇ ಕಣ್ಣು ಎರಡು ಸಲ ಬೇರೆ ಬೇರೆ ಹೇಳುವುದು ತುಂಬಾ ಸಾಮಾನ್ಯ.

ಅದರಲ್ಲಿ ಒಂದು ತೊಡಕೂ ಇದೆ. ನಾಲ್ಕು ಅಂಕಗಳ ಸರಾಸರಿ ತೆಗೆದುಬಿಟ್ಟರೆ ತುಟಿ ಚೆನ್ನಾಗಿದ್ದು ಮೂಗು ಕೆಟ್ಟಿರುವ ಮಗುವೂ, ಎಲ್ಲವೂ ಸಾಧಾರಣ ಇರುವ ಮಗುವೂ ಒಂದೇ ಕಡೆ ಬಂದು ನಿಲ್ಲುತ್ತಾರೆ. ಸಂಶೋಧನೆಗೆ ಸರಾಸರಿ ಬೇಕು. ಎದುರಿಗೆ ಕೂತ ಮಗುವಿಗೆ ಯಾವುದನ್ನು ಸರಿ ಮಾಡಬೇಕು ಅನ್ನುವುದು ಅದರಲ್ಲಿ ಮರೆಯಾಗುತ್ತದೆ.

ತುಂಗಾ ತೀರ

ಡಾಕ್ಟ್ರೇ, ನಿಮ್ಮ ಮಾತು ಗೌರವದಿಂದಲೇ ಓದಿದೆ. ಆದರೂ ಒಂದು ಕೇಳಲೇಬೇಕು. ಈ ಇಡೀ ಪದ್ಧತಿಯಲ್ಲಿ ಆ ತುಟಿ ಯಾರದೋ ಅವನ ಮಾತು ಎಲ್ಲಿದೆ?

ನನಗೆ ಎರಡೂ ಕಡೆ ಸೀಳು ಇತ್ತು. ಈಗ ಮೂವತ್ತು ದಾಟಿದ್ದೇನೆ. ಒಂದು ಕಡೆ ಸೀಳಿದ್ದರೆ ಇನ್ನೊಂದು ಕಡೆಯ ಜೊತೆ ಹೋಲಿಸಿ ನೋಡಬಹುದು. ನನ್ನಂಥವರಿಗೆ ಹೋಲಿಸಲು ಸರಿ ಇರುವ ಕಡೆಯೇ ಇಲ್ಲ. ಎರಡೂ ಕಡೆ ಸಮ ಇದೆ, ಫಲಿತಾಂಶ ಚೆನ್ನಾಗಿದೆ ಅಂತ ಬರೆದರು. ಸಮ ಇತ್ತು ನಿಜ. ಮೂಗಿನ ತುದಿ ಮಾತ್ರ ಕೆಳಗೆ ಎಳೆದು ಹಿಡಿದ ಹಾಗಿತ್ತು, ಯಾಕೆಂದರೆ ಎರಡು ಹೊಳ್ಳೆಗಳ ನಡುವಿನ ಕಂಬ ನಮ್ಮಂಥವರಿಗೆ ಹುಟ್ಟಿನಿಂದಲೇ ಗಿಡ್ಡ. ಮೇಲ್ದುಟಿ ಬಿಗಿ. ಕೊಳಲು ಊದಲು ಆಸೆಯಿತ್ತು, ತುಟಿ ಮುಂದೆ ಬರುತ್ತಿರಲಿಲ್ಲ. ಇದು ಯಾವ ಫೋಟೋದಲ್ಲೂ ಕಾಣುವುದಿಲ್ಲ.

ಮೀಸೆ ಬಿಟ್ಟರೆ ಮುಚ್ಚಿಹೋಗುತ್ತದೆ ಅಂತ ಚಿಕ್ಕಂದಿನಿಂದ ಹೇಳಿದರು. ಮೀಸೆ ಬಂತು, ಕಲೆಯ ಮೇಲೆ ಕೂದಲು ಬರಲಿಲ್ಲ. ಎರಡು ಬೋಳು ಗೆರೆ ನೆಟ್ಟಗೆ ಕೆಳಗಿಳಿಯುತ್ತವೆ. ಮೀಸೆ ದಟ್ಟ ಆದಷ್ಟೂ ಗೆರೆ ಎದ್ದು ಕಾಣುತ್ತದೆ. ಹಾಗಾಗಿ ನುಣ್ಣಗೆ ಬೋಳಿಸುತ್ತೇನೆ, ಆಗ ನನಗೆ ನನ್ನ ಮುಖ ಇಷ್ಟ. ಇದನ್ನು ಹೊರಗಿನಿಂದ ಯಾರು ಅಂಕ ಹಾಕಿ ಹೇಳಬಲ್ಲರು?

ಶಿವು ಅಣ್ಣ, ‘ಅಷ್ಟಾದರೆ ಸಾಕಲ್ವಾ’ ಅನ್ನುವ ಮಾತನ್ನು ನಾವು ಬಹಳ ಕೇಳಿದ್ದೇವೆ. ನಿಮ್ಮ ಮನಸ್ಸು ಒಳ್ಳೆಯದು, ಗೊತ್ತು. ಆದರೆ ಅದು ಕೇಳುವ ಬಾಯಿಯನ್ನು ಮುಚ್ಚಿಸುತ್ತದೆ.

ಶಿಗ್ಗಾಂವಿ ಶಿವು

ಸರಿ ಅಣ್ಣ. ಆ ದಿಕ್ಕಿನಿಂದ ಯೋಚಿಸಿರಲಿಲ್ಲ.

ಧಾರವಾಡ ಸರ್ಜನ್

ತುಂಗಾ ಸರ್, ನೀವು ಕೇಳಿದ್ದೇ ಸರಿಯಾದ ಪ್ರಶ್ನೆ. ನಮ್ಮ ಕ್ಷೇತ್ರ ಅದನ್ನು ತಡವಾಗಿ ಕೇಳಿಕೊಂಡಿತು. 2018ರಲ್ಲಿ ಪ್ರಕಟವಾದ ಕ್ಲೆಫ್ಟ್-ಕ್ಯು ಅನ್ನುವ ಪ್ರಶ್ನಾವಳಿ ಇದಕ್ಕಾಗಿಯೇ ಬಂತು. 8ರಿಂದ 29 ವರ್ಷದವರು ತಾವೇ ತುಂಬುತ್ತಾರೆ, ಡಾಕ್ಟರೂ ಅಲ್ಲ, ತಂದೆ ತಾಯಿಯೂ ಅಲ್ಲ. 12 ದೇಶಗಳಲ್ಲಿ ಪರೀಕ್ಷಿಸಿದರು, ಭಾರತವೂ ಅದರಲ್ಲಿತ್ತು. ಮುಖ, ಮೂಗು, ಹೊಳ್ಳೆ, ತುಟಿ, ಕಲೆ, ಹಲ್ಲು, ದವಡೆ ಹೀಗೆ ಬೇರೆ ಬೇರೆ ಪಟ್ಟಿ. ಜೊತೆಗೆ ಮಾತು, ಶಾಲೆ, ಗೆಳೆಯರು, ಮನಸ್ಸು. ಅಂಕ 0ರಿಂದ 100. ಇಲ್ಲಿ ಅಂಕ ಜಾಸ್ತಿ ಬಂದಷ್ಟೂ ಒಳ್ಳೆಯದು.

ನನ್ನ ಅನುಭವದಲ್ಲಿ ಇವೆರಡೂ ಎಷ್ಟೋ ಸಲ ಹೊಂದುವುದೇ ಇಲ್ಲ. ನಾವು ‘ಪರವಾಗಿಲ್ಲ’ ಅಂದ ಮೂಗಿನ ಹುಡುಗಿ ಖುಷಿಯಾಗಿರುತ್ತಾಳೆ. ನಾವು ಹೆಮ್ಮೆಪಟ್ಟು ಸಹೋದ್ಯೋಗಿಗಳಿಗೆ ತೋರಿಸುವ ತುಟಿಯ ಹುಡುಗ ಕೈ ಅಡ್ಡ ಇಟ್ಟುಕೊಂಡೇ ಮಾತಾಡುತ್ತಾನೆ. ಒಂದನ್ನು ಬಿಟ್ಟು ಇನ್ನೊಂದು ಸಾಕು ಅನ್ನುವಂತಿಲ್ಲ. ಹೊರಗಿನ ಅಂಕ ನಾನು ನನ್ನ ಕೆಲಸ ಸುಧಾರಿಸಲು. ಇನ್ನೊಂದು ಆಪರೇಷನ್ ಬೇಕಾ ಅನ್ನುವುದಕ್ಕೆ ಅವರ ಮಾತು.

ಸ್ಟುಡಿಯೋ ಮಂಜು

ನಾನು ಫೋಟೋಗ್ರಾಫರ್. ನಮ್ಮ ಊರಿನ ಆಸ್ಪತ್ರೆಗೆ ಇಂಥ ಫೋಟೋ ತೆಗೆದುಕೊಡುತ್ತೇನೆ. ಹಾವೇರಿ ಅಕ್ಕ, ಮೊದಲು ಆ ದೊಡ್ಡದು ಮಾಡಿ ನೋಡುವುದು ನಿಲ್ಲಿಸಿ. ಮೊಬೈಲ್ ಲೆನ್ಸ್ ಅಗಲವಾದದ್ದು. ಮುಖದ ಹತ್ತಿರ ಹಿಡಿದು ತೆಗೆದರೆ ಮೂಗು ಇರುವುದಕ್ಕಿಂತ ದೊಡ್ಡದಾಗಿ, ಹೊಳ್ಳೆ ಅಗಲವಾಗಿ ಬರುತ್ತದೆ. ಮುಖ ಸ್ವಲ್ಪ ತಿರುಗಿದ್ದರೂ ಸಾಕು, ಒಂದು ಹೊಳ್ಳೆ ಚಪ್ಪಟೆ ಕಾಣುತ್ತದೆ. ಸೆಲ್ಫಿ ಕ್ಯಾಮೆರಾದಲ್ಲಿ ಕೆಲವು ಫೋನ್‌ಗಳು ಎಡ ಬಲ ತಿರುಗಿಸಿ ಉಳಿಸುತ್ತವೆ, ಆಮೇಲೆ ಯಾವ ಕಡೆ ಅಂತಲೇ ಗೊಂದಲ.

ನಾಲ್ಕೈದು ಅಡಿ ದೂರ ನಿಂತು ಜೂಮ್ ಮಾಡಿ ತೆಗೆಯಿರಿ. ಕಿಟಕಿಯ ಬೆಳಕು ಮುಖದ ಮೇಲೆ ನೇರ ಬೀಳಲಿ. ಎದುರಿನಿಂದ ಒಂದು, ಎರಡೂ ಪಕ್ಕದಿಂದ ಒಂದೊಂದು, ತಲೆ ಹಿಂದಕ್ಕೆ ವಾಲಿಸಿ ಗಲ್ಲದ ಕೆಳಗಿನಿಂದ ಒಂದು. ಹೊಳ್ಳೆ ನಿಜವಾಗಿ ಹೇಗಿದೆ ಅಂತ ಹೇಳುವುದು ಆ ಕೊನೆಯದೇ. ಪ್ರತಿ ಸಲವೂ ಅದೇ ಜಾಗ, ಅದೇ ದೂರ, ಅದೇ ಹೊತ್ತು. ಇಲ್ಲದಿದ್ದರೆ ನೀವು ಹೋಲಿಸುತ್ತಿರುವುದು ಬೆಳಕನ್ನು, ತುಟಿಯನ್ನಲ್ಲ. ‘ಮೊದಲು’ ಮತ್ತು ‘ನಂತರ’ ಅಂತ ಜೋಡಿ ಫೋಟೋ ಎಲ್ಲೆಡೆ ಬರುತ್ತವಲ್ಲ, ಎಷ್ಟೋ ಸಲ ಮೊದಲಿನದರಲ್ಲಿ ಮಗು ಅಳುತ್ತಿರುತ್ತದೆ, ಬೆಳಕು ಕಮ್ಮಿ, ನಂತರದ್ದರಲ್ಲಿ ಹೊಸ ಬಟ್ಟೆ, ನಗು, ಒಳ್ಳೆ ಬೆಳಕು. ಅದನ್ನು ನೋಡಿ ಯಾರ ಕೆಲಸವನ್ನೂ ಅಳೆಯಬೇಡಿ.

ಕುಂದಾಪ್ರ ಅಮ್ಮಿ

ಮಂಜು ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಒಂದು ಆಸ್ಪತ್ರೆಯವರು ನನ್ನ ಮಗಳ ಫೋಟೋವನ್ನು ನಮ್ಮನ್ನು ಕೇಳದೇ ಪೋಸ್ಟರ್‌ಗೆ ಹಾಕಿದ್ದರು. ಆಪರೇಷನ್ ಉಚಿತವಾಗಿ ಆಗಿತ್ತು, ಅದಕ್ಕೇ ನಾವು ಬಾಯಿ ಬಿಡಲಿಲ್ಲ. ಈಗ ಅವಳಿಗೆ ಹನ್ನೆರಡು. ‘ಆ ಫೋಟೋ ಇನ್ನೂ ಅಲ್ಲಿದೆಯಾ ಅಮ್ಮ’ ಅಂತ ಕೇಳುತ್ತಾಳೆ. ದಾಖಲೆಗೆ ಫೋಟೋ ತೆಗೆಯುವುದು ಬೇರೆ, ಗೋಡೆಗೆ ಹಾಕುವುದು ಬೇರೆ. ಎರಡಕ್ಕೂ ಬೇರೆ ಬೇರೆ ಒಪ್ಪಿಗೆ ಕೇಳಬೇಕು. ಬೇಡ ಅಂದರೆ ಚಿಕಿತ್ಸೆ ನಿಲ್ಲಬಾರದು.

ಇನ್ನು ಕಲೆ ಬಗ್ಗೆ. ಮೊದಲ ಎರಡು ತಿಂಗಳು ನಾನು ದಿನಾ ಅತ್ತಿದ್ದೇನೆ. ಹೊಲಿಗೆ ತೆಗೆದಾಗ ಸಪೂರ ಗೆರೆ ಇತ್ತು, ಆಮೇಲೆ ಕೆಂಪಾಗಿ, ಗಟ್ಟಿಯಾಗಿ, ತುಟಿಯೇ ಮೇಲಕ್ಕೆ ಎಳೆದುಕೊಂಡಿತು. ಕೆಟ್ಟೇ ಹೋಯಿತು ಅಂದುಕೊಂಡೆ. ಅದು ಹಾಗೇ ಆಗುತ್ತದಂತೆ. ಡಾಕ್ಟರ್ ಹೇಳಿದ ಮೇಲೆ ದಿನಾ ಬೆರಳಿನಿಂದ ಮೆಲ್ಲಗೆ ಒತ್ತಿ ಉಜ್ಜುತ್ತಿದ್ದೆ, ಬಿಸಿಲಿಗೆ ತೋರಿಸುತ್ತಿರಲಿಲ್ಲ. ವರ್ಷ ತುಂಬುವ ಹೊತ್ತಿಗೆ ಮೆತ್ತಗಾಗಿ, ಬಣ್ಣ ಇಳಿದು, ತುಟಿ ಮತ್ತೆ ಕೆಳಗೆ ಬಂತು.

ಧಾರವಾಡ ಸರ್ಜನ್

ಅಮ್ಮಿ ಹೇಳಿದ್ದು ಪೂರ್ತಿ ಸರಿ. ಕಲೆ ಎಳೆಯುವುದು ಒಂದೂವರೆ ಎರಡು ತಿಂಗಳಿನ ಹೊತ್ತಿಗೆ ಜೋರಾಗಿರುತ್ತದೆ. ಆಗ ತೆಗೆದ ಫೋಟೋ ನೋಡಿ ‘ಕೆಟ್ಟಿದೆ’ ಅನ್ನುವುದೂ ತಪ್ಪು, ಹೊಲಿಗೆ ತೆಗೆದ ದಿನದ ಫೋಟೋ ನೋಡಿ ‘ಅದ್ಭುತ’ ಅನ್ನುವುದೂ ತಪ್ಪು. ಕಲೆ ಪಕ್ವವಾಗಲು ಒಂದು ವರ್ಷ ಕೊಡಿ. ಅದಾದ ನಂತರ ಹೇಳುವ ಮಾತು ಮಾತ್ರ ಲೆಕ್ಕಕ್ಕೆ.

ಫೋಟೋ ವಿಷಯದಲ್ಲಿ ನಮ್ಮವರು ತಿದ್ದಿಕೊಳ್ಳಬೇಕು. ಬಡವರ ಮಕ್ಕಳ ಮುಖ ಅಂತ ಸಸಾರ ಆಗಬಾರದು.

ಮೈಸೂರು ಸ್ಪೀಚ್

ನಾನು ಮಾತಿನ ಚಿಕಿತ್ಸಕಿ. ಎಲ್ಲರೂ ನಿಂತ ತುಟಿಯ ಬಗ್ಗೆ ಮಾತಾಡುತ್ತಿದ್ದೀರಿ. ತುಟಿ ನಿಲ್ಲುವುದು ಕಮ್ಮಿ. ಮಾತಾಡುತ್ತದೆ, ನಗುತ್ತದೆ, ಊದುತ್ತದೆ, ಮುತ್ತು ಕೊಡುತ್ತದೆ. ಬಾಯಿಯ ಸುತ್ತ ಉಂಗುರದಂಥ ಒಂದು ಸ್ನಾಯು ಇದೆ. ಸೀಳಿದ್ದಾಗ ಅದು ತುಂಡಾಗಿ, ಮೂಗಿನ ಬುಡಕ್ಕೆ ಅಂಟಿಕೊಂಡಿರುತ್ತದೆ. ಆಪರೇಷನ್‌ನಲ್ಲಿ ಅದನ್ನು ಬಿಡಿಸಿ ಅಡ್ಡಡ್ಡ ಸರಿಯಾಗಿ ಕೂಡಿಸಬೇಕು. ಸರಿ ಕೂಡದಿದ್ದರೆ ಚರ್ಮದ ಹೊಲಿಗೆ ಎಷ್ಟೇ ನಾಜೂಕಾಗಿರಲಿ, ಮಗು ತುಟಿ ಮುಂದೆ ಚಾಚಿದಾಗ ಕಲೆಯ ಪಕ್ಕದಲ್ಲಿ ಒಂದು ಗುಬುಟು ಎದ್ದು ಬರುತ್ತದೆ.

ಹಾವೇರಿ ಮೇಡಂ, ನಕ್ಕಾಗ ಕಾಣುತ್ತದೆ ಅಂದಿರಲ್ಲ, ಅದು ಒಳ್ಳೆಯ ಗಮನಿಕೆ. ವಿಡಿಯೋ ಮಾಡಿ: ನಗುವಾಗ, ಊದುವಾಗ, ‘ಪಾಪ’, ‘ಅಮ್ಮ’ ಅನ್ನುವಾಗ. ಮುಂದಿನ ಭೇಟಿಯಲ್ಲಿ ಅದನ್ನೇ ತೋರಿಸಿ. ಹೊಸ ಜಾಗ, ಹೊಸ ಮುಖ ಕಂಡು ಮಗು ಡಾಕ್ಟರ ಮುಂದೆ ನಗುವುದೇ ಇಲ್ಲ.

ಅಂಗುಳವೂ ಸೀಳಿದ್ದ ಮಕ್ಕಳ ಅಪ್ಪ ಅಮ್ಮಂದಿರು ಯಾರಾದರೂ ಓದುತ್ತಿದ್ದರೆ ಒಂದು ಮಾತು. ತುಟಿ ಚೆನ್ನಾಗಿ ಬಂತು ಅಂತ ಫಾಲೋಅಪ್ ಬಿಟ್ಟುಬಿಡುವವರು ಜಾಸ್ತಿ. ಮಾತು ಮೂಗಿನಲ್ಲಿ ಬರುತ್ತಿದ್ದರೆ, ಪದೇ ಪದೇ ಕಿವಿ ಸೋರುತ್ತಿದ್ದರೆ ಕಾಯಬೇಡಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆಂದೇ ಘಟಕ ಇದೆ.

ಹಾವೇರಿ ಅಮ್ಮ

ವಿಡಿಯೋ ಐಡಿಯಾ ನನಗೆ ಹೊಳೆದೇ ಇರಲಿಲ್ಲ. ಡಾಕ್ಟ್ರೇ, ಹಾಗಾದರೆ ನಕ್ಕಾಗ ಕಾಣುವ ಆ ಸಣ್ಣ ಏರಿಗೆ, ಹೊಳ್ಳೆಗೆ ಏನು ಮಾಡಬೇಕು, ಯಾವಾಗ? ಅತ್ತೆಯವರು ಬೇರೆ ‘ಗ್ರಹಣದಲ್ಲಿ ನೀನು ಹೊರಗೆ ಬಂದಿದ್ದಕ್ಕೇ ಹೀಗಾಯಿತು, ಪೂರ್ತಿ ಹೋಗಲ್ಲ’ ಅನ್ನುತ್ತಾರೆ. ಕೇಳಿ ಕೇಳಿ ಸಾಕಾಗಿದೆ.

ಮೈಸೂರು ಸ್ಪೀಚ್

ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ ಮೇಡಂ. ಮೇಲ್ದುಟಿ ಕೂಡಿಕೊಳ್ಳುವುದು ಗರ್ಭದ ನಾಲ್ಕರಿಂದ ಏಳನೇ ವಾರದೊಳಗೆ. ಎಷ್ಟೋ ಜನರಿಗೆ ಆಗ ಬಸಿರು ಅಂತಲೇ ಖಾತ್ರಿ ಆಗಿರುವುದಿಲ್ಲ. ಜಗತ್ತಿನಾದ್ಯಂತ ಹೆಚ್ಚುಕಮ್ಮಿ 700 ಮಕ್ಕಳಲ್ಲಿ ಒಂದಕ್ಕೆ ಸೀಳು ತುಟಿಯೋ ಅಂಗುಳವೋ ಇರುತ್ತದೆ, ಗ್ರಹಣ ಅನ್ನುವ ನಂಬಿಕೆಯೇ ಇಲ್ಲದ ನಾಡುಗಳಲ್ಲೂ. ನೀವು ಏನೂ ಮಾಡಿಲ್ಲ. ಅತ್ತೆಯವರನ್ನೂ ಒಂದು ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಡಾಕ್ಟರ ಬಾಯಲ್ಲೇ ಕೇಳಲಿ.

ಧಾರವಾಡ ಸರ್ಜನ್

ಸಮಯದ ಬಗ್ಗೆ. ತುಟಿಯ ಅಂಚಿನ ಸಣ್ಣ ಏರುಪೇರು ಸರಿ ಮಾಡುವುದು ಚಿಕ್ಕ ಕೆಲಸ. ಎದ್ದು ಕಾಣುತ್ತಿದ್ದರೆ ಎಷ್ಟೋ ಜನ ಶಾಲೆಗೆ ಸೇರುವ ಮೊದಲು ಮಾಡಿಸುತ್ತಾರೆ, ಇಲ್ಲದಿದ್ದರೆ ಬೇರೆ ಯಾವುದೋ ಆಪರೇಷನ್ ಜೊತೆ ಸೇರಿಸಿ ಮಾಡುತ್ತೇವೆ. ವಸಡಿನ ಮೂಳೆಯಲ್ಲಿ ಸೀಳಿದ್ದರೆ ಅದಕ್ಕೆ ಮೂಳೆ ಕಸಿ ಸಾಮಾನ್ಯವಾಗಿ 8ರಿಂದ 11 ವರ್ಷದೊಳಗೆ, ಕೋರೆಹಲ್ಲು ಇಳಿಯುವ ಮೊದಲು. ಅದಾದ ಮೇಲೆ ಹೊಳ್ಳೆಯ ಬುಡಕ್ಕೂ ಆಸರೆ ಸಿಗುತ್ತದೆ. ಮೂಗಿನ ದೊಡ್ಡ ಕೆಲಸ ಮುಖದ ಬೆಳವಣಿಗೆ ಮುಗಿದ ಮೇಲೆ, ಹದಿನಾರು ಹದಿನೆಂಟರ ಆಸುಪಾಸು.

ನಡುವೆ ಪದೇ ಪದೇ ಕೈ ಹಾಕಿದರೆ ಪ್ರತಿ ಸಲ ಹೊಸ ಕಲೆ. ಕಲೆ ಜಾಸ್ತಿಯಾದಷ್ಟೂ ಮುಂದಿನ ಕೆಲಸ ಕಷ್ಟ, ಮೇಲ್ದವಡೆಯ ಬೆಳವಣಿಗೆಗೂ ತೊಂದರೆ ಆಗಬಹುದು. ಯುರೋಪಿನಲ್ಲಿ ಯೂರೋಕ್ಲೆಫ್ಟ್ ಅಂತ ಆರು ಕೇಂದ್ರಗಳ ಫಲಿತಾಂಶ ಹೋಲಿಸಿದ ಒಂದು ದೊಡ್ಡ ಅಧ್ಯಯನ ನಡೆಯಿತು. ಜಾಸ್ತಿ ಚಿಕಿತ್ಸೆ ಕೊಟ್ಟ ಕೇಂದ್ರಗಳಲ್ಲಿ ಜಾಸ್ತಿ ಒಳ್ಳೆಯ ಫಲಿತಾಂಶ ಬಂದಿರಲಿಲ್ಲ. ಬ್ರಿಟನ್ನಿನಲ್ಲಿ 1998ರ ಸರ್ಕಾರಿ ವರದಿಯೊಂದು ದೇಶದ ಫಲಿತಾಂಶ ಕಳಪೆ ಅಂತ ನೇರವಾಗಿ ಹೇಳಿತು. ಆಮೇಲೆ ಹತ್ತಾರು ಕಡೆ ಚದುರಿದ್ದ ಕೆಲಸವನ್ನು ಕೆಲವೇ ದೊಡ್ಡ ಕೇಂದ್ರಗಳಿಗೆ ತಂದರು. ಒಂದೇ ರೀತಿ ಅಳೆದು, ಮುಚ್ಚಿಡದೆ ಹೇಳಿದ್ದರಿಂದ ಆದ ಬದಲಾವಣೆ ಅದು. ನಮ್ಮ ರಾಜ್ಯದ ಕೇಂದ್ರಗಳೂ ಒಂದೇ ರೀತಿ ಫೋಟೋ ತೆಗೆದು, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಂಕ ಹಾಕುವಂತಾಗಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ನಮ್ಮ ಕೆಲಸಕ್ಕೆ ನಾವೇ ‘ತುಂಬಾ ಚೆನ್ನ’ ಅಂದುಕೊಂಡರೆ ಮುಂದಿನ ಮಗುವಿಗೆ ಲಾಭ ಇಲ್ಲ.

ತುಂಗಾ ತೀರ

ಈ ಮಾತಿಗೆ ಪೂರ್ತಿ ಒಪ್ಪಿಗೆ ಡಾಕ್ಟ್ರೇ.

ಹಾವೇರಿ ಅಕ್ಕ, ಮಗ ದೊಡ್ಡವನಾಗುವವರೆಗೆ ನೀವು ಅವನ ಪರವಾಗಿ ನಿರ್ಧಾರ ಮಾಡಲೇಬೇಕು, ಬೇರೆ ದಾರಿ ಇಲ್ಲ. ಆದರೆ ಶಾಲೆಗೆ ಹೋಗುವ ವಯಸ್ಸು ಬಂದ ಮೇಲೆ ಅವನನ್ನೂ ಕೇಳಿ. ‘ನಿನಗೆ ಏನಾದರೂ ಬೇರೆ ಆಗಬೇಕು ಅನ್ನಿಸುತ್ತದಾ’ ಅಂತ ಕೇಳಿ, ‘ಮೂಗು ಸರಿ ಮಾಡಿಸೋಣ್ವಾ’ ಅಂತ ಕೇಳಬೇಡಿ. ಎರಡನೆಯದು ಕೇಳಿದ ಕೂಡಲೇ ಮೂಗು ಸರಿ ಇಲ್ಲ ಅಂತ ಮಗುವಿಗೆ ನಾವೇ ಹೇಳಿದ ಹಾಗಾಗುತ್ತದೆ. ನನಗೆ ನನ್ನ ಮೂಗಿನ ಬಗ್ಗೆ ಗೊತ್ತಾಗಿದ್ದು ಹಾಗೆಯೇ, ಮನೆಯವರ ಪಿಸುಮಾತಿನಿಂದ. ಹುಟ್ಟಿದಾಗಿನ ಫೋಟೋಗಳನ್ನು ಬಚ್ಚಿಡಬೇಡಿ. ಕೇಳಿದಾಗ ತೋರಿಸಿ, ಏನಾಗಿತ್ತು, ಏನು ಮಾಡಿದರು ಅಂತ ಹೇಳಿ. ಅವನು ಬೇಡ ಅಂದರೆ ಬೇಡ. ಬೇಕು ಅಂದರೆ ‘ಇಷ್ಟು ಚೆನ್ನಾಗಿದ್ದೀಯಲ್ಲ’ ಅಂತ ತಳ್ಳಿಹಾಕಬೇಡಿ.

ಕುಂದಾಪ್ರ ಅಮ್ಮಿ

ಹೆಣ್ಣುಮಕ್ಕಳಾದರೆ ಇನ್ನೊಂದು ಒತ್ತಡ ಇದೆ ತಮ್ಮ. ಮದುವೆಗೆ ಮೊದಲು ಸರಿ ಮಾಡಿಸಿ ಅಂತ ಈಗಲೇ ಶುರು ಮಾಡಿದ್ದಾರೆ, ಹನ್ನೆರಡು ವರ್ಷದ ಹುಡುಗಿಗೆ! ನನ್ನ ಮಗಳು ಕನ್ನಡಿ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತಾಳೆ, ಹಾಡಿನ ಕ್ಲಾಸಿಗೂ ಹೋಗುತ್ತಾಳೆ, ಎರಡೂ ನಿಜ. ಅವಳ ಮೂಗಿಗೆ ಏನು ಮಾಡಬೇಕು ಅನ್ನುವುದನ್ನು ಬೆಳವಣಿಗೆ ಮುಗಿದ ಮೇಲೆ ಅವಳೇ ಹೇಳುತ್ತಾಳೆ. ವರನ ಕಡೆಯವರು ಅಲ್ಲ.

ಹಾವೇರಿ ಅಮ್ಮ

ಎಲ್ಲರ ಮಾತೂ ಬರೆದಿಟ್ಟುಕೊಂಡೆ. ಕಿಟಕಿ ಹತ್ತಿರ ನಿಲ್ಲಿಸಿ ಮಂಜು ಅವರು ಹೇಳಿದ ಹಾಗೆ ನಾಲ್ಕು ಫೋಟೋ, ಜೊತೆಗೆ ನಗುವ ವಿಡಿಯೋ. ಮುಂದಿನ ಭೇಟಿಗೆ ಅತ್ತೆಯವರನ್ನೂ ಕರೆದುಕೊಂಡು ಹೋಗುತ್ತೇನೆ. ಡಾಕ್ಟರ ಹತ್ತಿರ ‘ಚೆನ್ನಾಗಿದೆಯಾ’ ಅಂತ ಕೇಳುವುದಿಲ್ಲ. ಬಿಳಿ ಗೆರೆ ಕೂಡಿದೆಯಾ, ಸ್ನಾಯು ಹೇಗೆ ಕೆಲಸ ಮಾಡುತ್ತಿದೆ, ವಸಡಿನಲ್ಲಿ ಸೀಳಿದೆಯಾ ಅಂತ ಕೇಳುತ್ತೇನೆ. ಒಂದು ಉಳಿಯಿತು, ಮುಂದೆ ಇನ್ನೊಂದು ಆಪರೇಷನ್ ಬೇಕಾದರೆ ಅದಕ್ಕೂ ಸಹಾಯ ಸಿಗುತ್ತದಾ, ಅಥವಾ ಮೊದಲನೆಯದಕ್ಕೆ ಮಾತ್ರವಾ?

ಧಾರವಾಡ ಸರ್ಜನ್

ಸಿಗುತ್ತದೆ. ಸ್ಮೈಲ್ ಟ್ರೈನ್ ಅಂತ ಸೀಳು ತುಟಿ ಚಿಕಿತ್ಸೆಗೆ ನೆರವಾಗುವ ಸೇವಾ ಸಂಸ್ಥೆ ಇದೆ, ಅದರ ಜೊತೆ ಕೆಲಸ ಮಾಡುವ ಆಸ್ಪತ್ರೆಗಳಲ್ಲಿ ಎರಡನೇ ಹಂತದ ಆಪರೇಷನ್‌ಗಳೂ ಉಚಿತವಾಗಿ ಆಗುತ್ತವೆ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲೂ ಸೀಳು ತುಟಿ ಇದೆ, ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮೊದಲ ಆಪರೇಷನ್‌ನ ಡಿಸ್ಚಾರ್ಜ್ ಚೀಟಿ ಜೋಪಾನ ಮಾಡಿ. ಯಾವ ವಿಧಾನದಲ್ಲಿ ಮಾಡಿದರು, ಮೂಗಿಗೆ ಕೈ ಹಾಕಿದ್ದರಾ ಇಲ್ಲವಾ ಅನ್ನುವುದು ಅದರಲ್ಲಿ ಬರೆದಿಲ್ಲದಿದ್ದರೆ ಈ ಸಲ ಹೋದಾಗಲೇ ಬರೆಸಿಕೊಳ್ಳಿ.